ವಿಮಾನ ನಡೆಸಲಿಚ್ಛಿಸುವ ಹೆಣ್ಣುಮಕ್ಕಳ ಸಿದ್ಧತೆ

ಬೆಂಗಳೂರಿನಿಂದ ಹುಬ್ಬಳ್ಳಿಯೇ ಮೊದಲಾದ ಊರುಗಳಿಗೆ ಹಾರುವ ಚಿಕ್ಕ ವಿಮಾನಗಳನ್ನು ನಡೆಸುವ ಉದ್ಯೋಗಕ್ಕೆ ನಮ್ಮ ಹೆಣ್ಣುಮಕ್ಕಳೂ ಅರ್ಹರೆಂಬುದರಲ್ಲಿ ಈಗ ಸಂದೇಹವಿಲ್ಲ. 1947ರಲ್ಲಿ ವೈಮಾನಿಕ ಪರವಾನಗಿ ಪಡೆದ ಪ್ರೇಮ್ ಮಾಥುರ್ ಅವರನ್ನು ಹಲವು ಸಂಸ್ಥೆಗಳು ಹೆಂಗಸೆಂಬ ಕಾರಣದಿಂದ ನಿರಾಕರಿಸಿದವು. ಕಡೆಗೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಸಂಸ್ಥೆಯು ಸ್ವೀಕರಿಸಿತು. ಇಂದಿನ ತಡೆಯು ಬಹುಮಟ್ಟಿಗೆ ನಮ್ಮ ಮನೆಗಳಲ್ಲಿಯೇ ಇರುವುದೆಂದು ನಾವು ಭಾವಿಸುತ್ತೇವೆ.

ಗಣಿತ, ಭೌತಶಾಸ್ತ್ರಗಳ ಅಭ್ಯಾಸ, ದೇಹಪರೀಕ್ಷೆ, 200 ಗಂಟೆಗಳ ಹಾರಾಟ, ಇವೆಲ್ಲ ಮುಗಿದ ಮೇಲೆ ಸಂದರ್ಶನವೂ, ಸಿಮ್ಯುಲೇಟರೆಂಬ ಕೃತಕ ವಿಮಾನದಲ್ಲಿ ಪರೀಕ್ಷೆಯೂ ನಡೆಯುವುವು. ಅಲ್ಲಿ ಎರಡು ಎಂಜಿನುಗಳಲ್ಲೊಂದು ಕೆಟ್ಟು ನಿಂತಂತೆ ಮಾಡಿ, ಅಭ್ಯರ್ಥಿಯ ಕೈಯೊಡನೆ ಬಾಯನ್ನೂ ಪರೀಕ್ಷಿಸುವರು. ಮಾಪಕದಲ್ಲಿ ಕಂಡುದನ್ನು ಗಟ್ಟಿಯಾಗಿ ನುಡಿಯಬೇಕು, ತಿಳಿಯದುದನ್ನು ತಿಳಿಯದೆನ್ನಬೇಕು, ತಿದ್ದಿದರೆ ಮುನಿಯದೆ ತಿದ್ದಿಕೊಳ್ಳಬೇಕು, ಇಳಿಯುವಾಗ ವೇಗವು ಕ್ರಮತಪ್ಪಿದರೆ ಪಕ್ಕದ ಹಿರಿಯ ವೈಮಾನಿಕನಿಗೂ ‘ಮತ್ತೆ ಮೇಲೇರೋಣ’ ಎನ್ನಬೇಕು. ಅಂಥಲ್ಲಿ ಮೌನವನ್ನು ದೋಷವೆಂದೇ ಎಣಿಸುವರು.

ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಮನೆಗಳಲ್ಲಿ ಹಿರಿಯರೆದುರು ಬಾಯಿಬಿಡದ ಹುಡುಗಿಯನ್ನೇ ಗುಣವಂತೆಯೆಂದು ಹೊಗಳುತ್ತೇವೆ. 20 ವರ್ಷ ಕಟ್ಟಿಹಾಕಿದ ಬಾಯಿ ಒಂದು ವಾರದ ತರಬೇತಿಯಿಂದ ಬಿಚ್ಚೀತೇ?

ಆದಕಾರಣ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಶಿಕ್ಷಣದ ಹಣವನ್ನು ಹೊಂದಿಸುವುದಕ್ಕೆ ಬಹು ಮುಂಚೆಯೇ, ನಿಮ್ಮ ಲೆಕ್ಕದ ತಪ್ಪನ್ನು ಮಗಳು ತೋರಿಸಿದಾಗ ಗದರದೆ ಕೇಳಿರಿ. ಮರ್ಯಾದೆಯಿಂದ, ಸ್ಪಷ್ಟವಾಗಿ, ತಕ್ಕ ಕಾಲದಲ್ಲಿ ಹೇಳುವುದನ್ನು ಕಲಿಸಿರಿ. ಒಂದು ದಿನ 70 ಮಂದಿ ಪ್ರಯಾಣಿಕರ ಪ್ರಾಣವು ಅವಳ ಆ ಒಂದು ಮಾತಿನ ಮೇಲೆ ನಿಂತೀತು.