ಒರೆಸಿದರೆ ಸಾಲದು, ಪರೀಕ್ಷಿಸಿ ನೋಡಬೇಕು

"ಪಿಸ್ತೂಲು ಸ್ವಚ್ಛ ಮಾಡುವಾಗ ಆಕಸ್ಮಿಕವಾಗಿ ಗುಂಡು ಹಾರಿತು." ಇಂಥ ಸುದ್ದಿ ಮರಾಠಿ ಪತ್ರಿಕೆಯಲ್ಲೂ ಬರುತ್ತದೆ, ಕನ್ನಡ ಪತ್ರಿಕೆಯಲ್ಲೂ ಬರುತ್ತದೆ. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು, ಅಷ್ಟೇ. ಓದಿದವರು "ಅಯ್ಯೋ, ಗ್ರಹಚಾರ" ಅಂದು ಪುಟ ತಿರುವುತ್ತಾರೆ. ನಮಗೆ ಮಾತ್ರ ಆ "ಆಕಸ್ಮಿಕವಾಗಿ" ಎಂಬ ಶಬ್ದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಡು ತಾನಾಗಿಯೇ ಎದ್ದು ಹಾರುವುದಿಲ್ಲ. ಸ್ವಚ್ಛ ಮಾಡುವ ಹೊತ್ತಿಗೆ ಅದರೊಳಗೆ ಗುಂಡು ಯಾಕಿತ್ತು? ಒಳಗಿನ ಸುರಕ್ಷೆಯ ಕೀಲು ಕೆಲಸ ಮಾಡುತ್ತಿದೆಯೇ ಎಂದು ಕಡೆಯ ಸಲ ಯಾರು, ಯಾವಾಗ ನೋಡಿದ್ದರು? ಈ ಎರಡು ಪ್ರಶ್ನೆಗಳನ್ನು ಆ ನಾಲ್ಕು ಸಾಲಿನಲ್ಲಿ ಯಾರೂ ಕೇಳುವುದಿಲ್ಲ.

ಶಾಲೆ ಗುರುಗಳಿಗೆ ಪಿಸ್ತೂಲಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕೇಳಿರಿ, ತಪ್ಪಿಲ್ಲ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತ ಹುಡುಗರು ಮುಂದೆ ಎಲ್ಲಿಗೆ ಹೋಗುತ್ತಾರೆ? ಕೆಲವರು ಸೈನ್ಯಕ್ಕೆ, ಕೆಲವರು ಮಹಾರಾಷ್ಟ್ರ ಪೊಲೀಸಿಗೆ, ಕೆಲವರು ಬ್ಯಾಂಕಿನ ಬಾಗಿಲಿಗೆ ಗನ್‌ಮ್ಯಾನ್ ಆಗಿ. ರಾಜ್ಯ ರಾಖೀವ ಪೊಲೀಸ್ ಪಡೆಯ 10ನೇ ತಂಡ ಇರುವುದೇ ನಮ್ಮ ಸೋರೆಗಾಂವದಲ್ಲಿ. ಊರ ಕಡೆ ಪರವಾನಗಿ ಪಡೆದು ಮನೆಯಲ್ಲಿ ರಿವಾಲ್ವರ್ ಇಟ್ಟುಕೊಂಡವರೂ ಇದ್ದಾರೆ. ಆ ಮನೆಗಳ ಮಕ್ಕಳು ನಮ್ಮ ಮುಂದೆ ಪಾಟಿ ಹಿಡಿದು ಕೂಡುತ್ತಾರೆ. ಅಪ್ಪ ಪಿಸ್ತೂಲು ಒರೆಸುವಾಗ ಎದುರಿಗೆ ಕುಳಿತು ಕಣ್ಣರಳಿಸಿ ನೋಡುವವರೂ ಅವರೇ. ಆದ್ದರಿಂದ ಇದು ನಮ್ಮ ವಿಷಯವೇ.

ನಾವು ಹೇಳಬೇಕೆಂದಿರುವುದು ಒಂದೇ ಮಾತು. ಪಿಸ್ತೂಲಿನ ಒಳಗಿನ ಸುರಕ್ಷೆ ಕೆಟ್ಟರೆ ಅದು ಹೊರಗೆ ಕಾಣುವುದಿಲ್ಲ, ಬೇಕೆಂದೇ ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ. ಪರೀಕ್ಷೆ ಇಲ್ಲದ ಸ್ವಚ್ಛತೆ ಬರೀ ಹೊಳಪು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ತೋಟೆಯ ಹಿಂಬದಿಗೆ ಒಂದು ಸಣ್ಣ ಕ್ಯಾಪು ಇರುತ್ತದೆ. ಫೈರಿಂಗ್ ಪಿನ್ ಎಂಬ ಮೊಳೆ ಅದಕ್ಕೆ ಬಡಿದಾಗ ಕಿಡಿ ಹತ್ತಿ, ಮದ್ದು ಉರಿದು ಗುಂಡು ಹೊರಡುತ್ತದೆ. ಈಗ ಗುಂಡು ತುಂಬಿದ ಪಿಸ್ತೂಲು ಕೈಜಾರಿ ಬಾಯಿ ಕೆಳಗಾಗಿ ಬಿತ್ತೆನ್ನಿ. ಪಿಸ್ತೂಲು ನೆಲಕ್ಕೆ ತಾಗಿ ನಿಲ್ಲುತ್ತದೆ, ಒಳಗಿನ ಮೊಳೆ ನಿಲ್ಲುವುದಿಲ್ಲ. ಎಸ್.ಟಿ. ಬಸ್ಸಿನ ಡ್ರೈವರು ಗಕ್ಕನೆ ಬ್ರೇಕು ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ ಮುಂದೆ ನುಗ್ಗುತ್ತದೆ. ವಿಜ್ಞಾನದ ಪುಸ್ತಕದಲ್ಲಿ ನಾವು ಕಲಿಸುವ ಜಡತ್ವ ಅಂದರೆ ಇದೇ. ನುಗ್ಗಿದ ಮೊಳೆ ಕ್ಯಾಪಿಗೆ ಜೋರಾಗಿ ಬಡಿದರೆ ಮುಗಿಯಿತು.

ಇದನ್ನು ತಡೆಯಲು ಅನೇಕ ಪಿಸ್ತೂಲುಗಳಲ್ಲಿ ಒಂದು ಅಗಳಿ ಮಾಡಿರುತ್ತಾರೆ. ಸಣ್ಣ ಸ್ಪ್ರಿಂಗಿನ ಬಲದಿಂದ ಒಂದು ಗುಂಡುಸೂಜಿತಲೆಯಂಥ ಕೀಲು ಮೊಳೆಯ ದಾರಿಗೆ ಅಡ್ಡ ನಿಂತಿರುತ್ತದೆ. ಟ್ರಿಗರನ್ನು ಪೂರ್ತಿ ಎಳೆದಾಗ ಮಾತ್ರ ಅದು ಸರಿದು ದಾರಿ ಬಿಡುತ್ತದೆ. ಕೋಲ್ಟ್ ಕಂಪನಿ ತನ್ನ ಹಳೆಯ ನಮೂನೆಯ ಪಿಸ್ತೂಲಿಗೆ ಇಂಥ ಅಗಳಿಯನ್ನು 1983ರಲ್ಲಿ ಸೀರೀಸ್ 80 ಎಂಬ ಹೆಸರಿನಿಂದ ಕೂಡಿಸಿತು. ಆಸ್ಟ್ರಿಯಾದ ಸೈನ್ಯ 1982ರಲ್ಲಿ ಆರಿಸಿಕೊಂಡ ಗ್ಲಾಕ್ ಪಿಸ್ತೂಲಿನಲ್ಲಿ ಮೊದಲಿನಿಂದಲೂ ಅದು ಇದೆ.

ಇಲ್ಲಿಯೇ ನೋಡಿ ಸೂಕ್ಷ್ಮ ಇರುವುದು. ಈ ಅಗಳಿ ಎರಡು ತರಹ ಕೆಡಬಹುದು. ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಪಿಸ್ತೂಲು ಹಾರುವುದೇ ಇಲ್ಲ, ತಕ್ಷಣ ಗೊತ್ತಾಗುತ್ತದೆ, ರಿಪೇರಿಗೆ ಹೋಗುತ್ತದೆ. ಆದರೆ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ? ಎಣ್ಣೆ ಒಣಗಿ, ಮದ್ದಿನ ಮಸಿ ಕೂಡಿ, ಅಂಟಾಗಿ ಕೀಲು ಮೇಲೆಯೇ ನಿಂತುಬಿಟ್ಟರೆ? ಸ್ಪ್ರಿಂಗು ಮುರಿದಿದ್ದರೆ? ಬಿಚ್ಚಿ ಜೋಡಿಸುವಾಗ ಆ ತುಣುಕನ್ನು ಹಾಕುವುದೇ ಮರೆತಿದ್ದರೆ? ಆಗ ಪಿಸ್ತೂಲು ಎಂದಿನಂತೆಯೇ ಹಾರುತ್ತದೆ. ಗುರಿ ಅಭ್ಯಾಸದಲ್ಲಿ ನೂರು ಸಲ ಹಾರಿಸಿದರೂ ಒಂದು ಕೊರತೆ ಕಾಣುವುದಿಲ್ಲ. ಬಾಗಿಲಿನ ಅಗಳಿ ಬಿಗಿಯಾದರೆ ಮನೆಯವರಿಗೆ ತಿಳಿಯುತ್ತದೆ. ಅಗಳಿ ಹಾಕಿದಂತೆ ಕಂಡು ಬಿದ್ದಿರದಿದ್ದರೆ ಕಳ್ಳ ಬಂದು ಹೋದ ಮೇಲೆಯೇ ತಿಳಿಯುತ್ತದೆ. "ಇಷ್ಟು ವರ್ಷ ಏನೂ ಆಗಿಲ್ಲ" ಎನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ ಎನ್ನುವುದು ಇದಕ್ಕೇ.

ಹಾಗಾದರೆ ನೋಡುವುದು ಹೇಗೆ? ಅದು ಅರ್ಧ ನಿಮಿಷದ ಕೆಲಸ. ಗ್ಲಾಕ್ ಮಾದರಿಯದನ್ನೇ ತೆಗೆದುಕೊಳ್ಳೋಣ. ಸ್ವಚ್ಛ ಮಾಡಲು ಬಿಚ್ಚಿದಾಗ ಮೇಲಿನ ಸ್ಲೈಡು ಪ್ರತ್ಯೇಕವಾಗಿ ಕೈಗೆ ಬರುತ್ತದೆ. ಅದರ ತಳಬದಿಗೆ ಕಾಣುವ ಮೊಳೆಯ ಬಾಲವನ್ನು ಹಿಂದಕ್ಕೆ ಎಳೆದು ನಿಧಾನವಾಗಿ ಮುಂದಕ್ಕೆ ಬಿಡಬೇಕು. ಅಡ್ಡಗೀಲಿಗೆ ತಾಗಿದ ಮೇಲೆ ಬೆರಳಿನಿಂದ ಇನ್ನಷ್ಟು ಒತ್ತಿ ನೋಡಬೇಕು. ಮೊಳೆಯ ತುದಿ ಮುಂದಿನ ತೂತಿನಿಂದ ಹೊರಗೆ ಇಣುಕಬಾರದು. ಇಣುಕಿತೋ, ಸುರಕ್ಷೆ ಹೋಗಿದೆ ಎಂದರ್ಥ. ಆಮೇಲೆ ಆ ಕೀಲನ್ನು ಒತ್ತಿ ಹಿಡಿದರೆ ಮೊಳೆ ಸಲೀಸಾಗಿ ಮುಂದೆ ಬರಬೇಕು, ಬಿಟ್ಟರೆ ಕೀಲು ಟಣ್ಣನೆ ಎದ್ದು ನಿಲ್ಲಬೇಕು. ಎರಡೂ ಆದರೆ ಪಾಸು. ಮೊಳೆ ಓಡಾಡುವ ಕೊಳವೆಯೊಳಗೆ ಮಾತ್ರ ಎಣ್ಣೆ ಹಾಕಬಾರದು. ಎಣ್ಣೆ ಹೆಚ್ಚಾದಷ್ಟೂ ಒಳ್ಳೆಯದು ಎಂದು ಬಹಳ ಜನರ ನಂಬಿಕೆ. ಅಲ್ಲಿ ಎಣ್ಣೆ ಎಂದರೆ ಧೂಳಿಗೆ ಆಮಂತ್ರಣ.

ಆದರೆ ಎಲ್ಲ ಪಿಸ್ತೂಲೂ ಒಂದೇ ಅಲ್ಲ. ನಮ್ಮ ಸೈನ್ಯ, ಪೊಲೀಸರ ಕೈಯಲ್ಲಿ ಬಹಳ ಕಾಲದಿಂದ ಇರುವ 9 ಎಂ.ಎಂ. 1ಎ ಪಿಸ್ತೂಲು ಇಶಾಪುರದ ರೈಫಲ್ ಕಾರ್ಖಾನೆಯದು, ಬ್ರೌನಿಂಗ್ ಹೈಪವರ್ ಎಂಬ ಹಳೆಯ ನಮೂನೆಯದು. ಆ ಮೂಲ ನಮೂನೆಯಲ್ಲಿ ಮೊಳೆಗೆ ಅಡ್ಡಗೀಲು ಇಲ್ಲ. ಅಲ್ಲಿರುವುದು ಹೆಬ್ಬೆರಳಿನ ಸೇಫ್ಟಿ, ಮತ್ತು ಮ್ಯಾಗಜೀನ್ ತೆಗೆದರೆ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಒಂದು ಏರ್ಪಾಟು. ಗ್ಲಾಕ್‌ನಲ್ಲಿ ಈ ಏರ್ಪಾಟು ಇಲ್ಲ. ಮ್ಯಾಗಜೀನ್ ತೆಗೆದರೂ ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿದ್ದರೆ ಅದು ಹಾರುತ್ತದೆ. ಮೇಲಾಗಿ ಗ್ಲಾಕನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರನ್ನೇ ಎಳೆಯಬೇಕು! ಒಂದರ ಮೇಲೆ ಪಳಗಿದ ಕೈ ಇನ್ನೊಂದನ್ನು ಹಿಡಿದರೆ ಏನಾಗಬಹುದು ಎಂದು ನೀವೇ ಯೋಚಿಸಿರಿ. ಆದ್ದರಿಂದ ಪರೀಕ್ಷೆಗೂ ಮೊದಲಿನ ಪಾಠ ಇದು: ಮ್ಯಾಗಜೀನ್ ತೆಗೆಯಬೇಕು, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಬೇಕು, ನಳಿಕೆಯ ಬುಡ ಖಾಲಿಯೇ ಎಂದು ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಿ ನೋಡಬೇಕು, ಮತ್ತೊಮ್ಮೆ ನೋಡಬೇಕು. ಗುಂಡುಗಳು ಆ ಕೋಣೆಯಲ್ಲಿಯೇ ಇರಬಾರದು. ಮಕ್ಕಳೂ ಇರಬಾರದು. ಕ್ರಮವೂ ಇದೇ ಆಗಿರಬೇಕು. ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ, ಸ್ಲೈಡ್ ಮುಂದೆ ಹೋಗುವಾಗ ಹೊಸ ಗುಂಡೊಂದನ್ನು ಒಳಗೆ ತಳ್ಳಿಬಿಟ್ಟಿರುತ್ತದೆ.

"ಇದೆಲ್ಲ ಆರ್ಮರರ್ ಕೆಲಸ, ನಾವು ಕೈಯಾಡಿಸಿದರೆ ಇದ್ದದ್ದೂ ಕೆಡುತ್ತದೆ" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ರಿಪೇರಿ ಆರ್ಮರರ್ ಕೆಲಸವೇ. ಅಡ್ಡಗೀಲನ್ನು ಮನೆಯಲ್ಲಿ ಕುಳಿತು ಕೆರೆಯುವುದು, ಅರ ಹಾಕಿ ಉಜ್ಜುವುದು, ಸ್ಪ್ರಿಂಗ್ ಎಳೆದು ಉದ್ದ ಮಾಡುವುದು ಶುದ್ಧ ಹುಚ್ಚುತನ. ಆದರೆ ನೋಡುವುದು ಬೇರೆ, ರಿಪೇರಿ ಬೇರೆ. ಸ್ಕೂಟರ್ ಹತ್ತುವ ಮೊದಲು ಬ್ರೇಕ್ ಹಿಡಿಯುತ್ತದೆಯೇ ಎಂದು ಒತ್ತಿ ನೋಡಲು ಮೆಕ್ಯಾನಿಕ್ ಬೇಕಿಲ್ಲ. ಹಿಡಿಯದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಬೇಕು, ಅಷ್ಟೇ. ಪಿಸ್ತೂಲು ಯಾರ ಸೊಂಟದಲ್ಲಿರುತ್ತದೆಯೋ ಅವರೇ ನೋಡಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. "ಪರೀಕ್ಷೆ ಮಾಡಿದೆವು, ಪಾಸಾಯಿತು" ಎಂಬ ಧೈರ್ಯದಲ್ಲಿಯೇ ಮನುಷ್ಯ ಸಡಿಲವಾಗುತ್ತಾನಲ್ಲ? ನಿಜ, ಆಗುತ್ತಾನೆ. ಅಮೆರಿಕದ ಸೈನ್ಯ 2017ರ ಜನವರಿಯಲ್ಲಿ ಸಿಗ್ ಸಾವರ್ ಕಂಪನಿಯ ಪಿ320 ಮಾದರಿಯನ್ನು ಆರಿಸಿತು. ಅದೇ ವರ್ಷದ ಆಗಸ್ಟಿನಲ್ಲಿ, ಆ ಪಿಸ್ತೂಲು ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ತಾನೇ ಹಾರಬಹುದು ಎಂಬುದು ಪರೀಕ್ಷೆಗಳಲ್ಲಿ ಹೊರಬಿತ್ತು. ಕಂಪನಿ ಹೊರಗೆ ಮಾರಿದ ಪಿಸ್ತೂಲುಗಳಿಗೆ ಪುಕ್ಕಟೆಯಾಗಿ ಭಾಗ ಬದಲಿಸಿಕೊಡುವುದಾಗಿ ಸಾರಿತು. ಬಿದ್ದ ಹೊಡೆತಕ್ಕೆ ಟ್ರಿಗರು ತನ್ನ ಭಾರದಿಂದ ತಾನೇ ಹಿಂದೆ ಸರಿಯುತ್ತಿತ್ತು. ಟ್ರಿಗರ್ ಸರಿದರೆ ಅಡ್ಡಗೀಲು ತನ್ನ ಧರ್ಮದಂತೆ ದಾರಿ ಬಿಡುತ್ತದೆ! ಅಂದರೆ ಕೀಲು ಸರಿ ಇದ್ದೂ ಅಪಾಯ ಇರಬಹುದು. ಹಾಗಾಗಿ ಪರೀಕ್ಷೆ ಪಾಸಾದರೂ ಪಿಸ್ತೂಲಿನ ಬಾಯಿ ಯಾರ ಕಡೆಗೂ ಇರಬಾರದು, ಬೆರಳು ಟ್ರಿಗರಿನ ಹೊರಗಿರಬೇಕು. ನಿಯಮ ಮೊದಲು, ಯಂತ್ರ ಆಮೇಲೆ. ಯಂತ್ರವನ್ನು ಪರೀಕ್ಷಿಸುವುದು ನಿಯಮ ಸಡಿಲಿಸಲು ಅಲ್ಲ. ಮನುಷ್ಯ ಒಮ್ಮೆ ತಪ್ಪಿದಾಗ ಹಿಂದೆ ಇನ್ನೊಂದು ತಡೆ ಇರಲಿ ಎಂದು.

ರಿವಾಲ್ವರಿಗೂ ಇದೇ ಮಾತು. ಅನೇಕ ಹಳೆಯ ರಿವಾಲ್ವರುಗಳಲ್ಲಿ ಬಡಿಯುವ ಸುತ್ತಿಗೆ ನೇರವಾಗಿ ತೋಟೆಯ ಕ್ಯಾಪಿನ ಮೇಲೆಯೇ ಒರಗಿರುತ್ತಿತ್ತು. ಅದಕ್ಕೇ ತಿಳಿದವರು ಆರು ಮನೆಯ ರಿವಾಲ್ವರಿನಲ್ಲಿ ಐದೇ ಗುಂಡು ತುಂಬಿ ಸುತ್ತಿಗೆಯ ಕೆಳಗಿನ ಮನೆ ಖಾಲಿ ಬಿಡುತ್ತಿದ್ದರು. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬಯಿಯಲ್ಲಿ ಹಿಂದಿ ಚಿತ್ರನಟ ಗೋವಿಂದ ಅವರ ಕಾಲಿಗೆ ಸ್ವಂತ ಪರವಾನಗಿ ರಿವಾಲ್ವರಿನ ಗುಂಡೇ ಹೊಕ್ಕಿತು. ಅದು ಕೈಜಾರಿ ಬಿದ್ದು ಸಿಡಿಯಿತೆಂದು ಅವರ ವ್ಯವಸ್ಥಾಪಕರು ಹೇಳಿದ್ದು ಎಲ್ಲ ಪತ್ರಿಕೆಗಳಲ್ಲಿ ಬಂತು. ಅವರು ಗುಣವಾಗಿ ಮನೆಗೆ ಬಂದರು, ಸಂತೋಷ. ಆದರೆ ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಂದು ಮಗು ನಿಂತಿದ್ದರೆ?

ಕಾನೂನೂ ಈಗ ಮೊದಲಿನಂತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷೆಯ ತರಬೇತಿಗೆ ಜಾಗ ಕೊಟ್ಟಿದ್ದಾರೆ. 2019ರ ತಿದ್ದುಪಡಿಯ ಪ್ರಕಾರ ಜೀವಕ್ಕೆ ಅಪಾಯವಾಗುವಂತೆ ಬಂದೂಕನ್ನು ನಿರ್ಲಕ್ಷ್ಯದಿಂದ ಬಳಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಆಕಸ್ಮಿಕ" ಎಂದು ಕೈ ತೊಳೆದುಕೊಳ್ಳುವ ಕಾಲ ಹೋಗುತ್ತಿದೆ.

ಈಗ ನಮ್ಮ ಭಾಷೆಯ ಮಾತು. ಪಿಸ್ತೂಲಿನ ಪುಸ್ತಿಕೆ ಬರುವುದು ಇಂಗ್ಲಿಷಿನಲ್ಲಿ. ಇಲ್ಲಿ ತರಬೇತಿ ಸಿಗುವುದು ಹಿಂದಿ, ಮರಾಠಿಯಲ್ಲಿ. ನಮ್ಮ ಹುಡುಗ ವಿಚಾರ ಮಾಡುವುದು ಕನ್ನಡದಲ್ಲಿ. ಕನ್ನಡದಲ್ಲಿ ಬಂದೂಕಿನ ಶಬ್ದಗಳಿಗೆ ಬರಗಾಲವಿಲ್ಲ: ನಳಿಕೆ, ತೋಟೆ, ಮದ್ದು, ಕುದುರೆ... ಆದರೆ ಈ "ಕುದುರೆ"ಯನ್ನೇ ನೋಡಿರಿ. ಬಡಿಯುವ ಸುತ್ತಿಗೆಗೂ ಕುದುರೆ ಎನ್ನುತ್ತೇವೆ, ಬೆರಳಿನಿಂದ ಎಳೆಯುವ ಟ್ರಿಗರಿಗೂ ಕುದುರೆ ಎನ್ನುತ್ತೇವೆ. ಮರಾಠಿಯ "ಘೋಡಾ"ದ ಹಣೆಬರಹವೂ ಇದೇ. "ಕುದುರೆ ಮುಟ್ಟಬೇಡ" ಎಂದರೆ ಯಾವುದನ್ನು? ಮಾತಿನಲ್ಲಿ ಗೊಂದಲವಾದರೆ ಕೈಯಲ್ಲೂ ಗೊಂದಲವಾಗುತ್ತದೆ. ಎಳೆಯುವುದಕ್ಕೆ ಕುದುರೆ, ಬಡಿಯುವುದಕ್ಕೆ ಸುತ್ತಿಗೆ, ಚುಚ್ಚುವುದಕ್ಕೆ ಮೊಳೆ, ತಡೆಯುವುದಕ್ಕೆ ಅಗಳಿ ಎಂದು ಬೇರೆ ಬೇರೆ ಇಟ್ಟುಕೊಂಡರೆ ಎಷ್ಟು ಚೊಕ್ಕ! ಸೈನ್ಯ, ಪೊಲೀಸಿನಲ್ಲಿ ದುಡಿದು ನಿವೃತ್ತರಾದ ನಮ್ಮ ಹಳೆಯ ವಿದ್ಯಾರ್ಥಿಗಳು ಒಂದು ಪುಟದ ಸುರಕ್ಷಾ ಸೂಚನೆಯನ್ನು ಸರಳ ಕನ್ನಡದಲ್ಲಿ ಬರೆದುಕೊಟ್ಟರೆ, ಪಾಲಕರ ಸಭೆಯಲ್ಲಿ ಓದಿ ಹಂಚಬಹುದು. ಮಕ್ಕಳಿಗೆ ಹೇಳುವುದಂತೂ ಒಂದೇ ಸಾಲು: ಮುಟ್ಟಬೇಡ, ಅಲ್ಲಿಂದ ಸರಿ, ದೊಡ್ಡವರಿಗೆ ಹೇಳು.

ಖಂಡೇನವಮಿಗೆ ನಮ್ಮ ಕಡೆ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚುತ್ತೇವೆ. ಪೊಲೀಸ್ ಠಾಣೆಯಲ್ಲೂ ಶಸ್ತ್ರಪೂಜೆ ನಡೆಯುತ್ತದೆ. ಅಕ್ಕಲಕೋಟೆ ಅರಮನೆಯ ಶಸ್ತ್ರಾಗಾರಕ್ಕೆ ಮಕ್ಕಳನ್ನು ಕರೆದೊಯ್ದರೆ ಸಾಲುಸಾಲು ಕತ್ತಿ, ಬಂದೂಕು ಕಂಡು ಬೆರಗಾಗುತ್ತಾರೆ. ಅಲ್ಲಿರುವವು ಗಾಜಿನ ಹಿಂದೆ, ಗುಂಡಿಲ್ಲದೆ ಮಲಗಿವೆ. ಮನೆಯ ಕಪಾಟಿನಲ್ಲಿರುವುದು ಹಾಗಲ್ಲ. ಆಯುಧಕ್ಕೆ ಹೂ ಏರಿಸುವ ಮೊದಲು ಅದನ್ನು ಖಾಲಿ ಮಾಡಿ, ಒಳಗಿನ ಅಗಳಿ ನಿಲ್ಲುತ್ತದೆಯೇ ಎಂದು ಒತ್ತಿ ನೋಡುವುದೂ ಪೂಜೆಯ ಭಾಗವಾಗಲಿ ಎಂಬುದು ನಮ್ಮ ಅಭಿಪ್ರಾಯ. ನಿಮ್ಮೂರ ಕಡೆ ಫೈರಿಂಗ್ ಪಿನ್ನಿಗೆ, ಟ್ರಿಗರಿಗೆ ಬೇರೆ ಕನ್ನಡ ಶಬ್ದಗಳಿದ್ದರೆ ಬರೆದು ತಿಳಿಸಿರಿ, ಆ ಒಂದು ಪುಟಕ್ಕೆ ಕೂಡಿಸಿಕೊಳ್ಳೋಣ.