ಓದಿಸುವವರಿಗೂ ಒಂದು ಓದು

ಎಂಟು ವರ್ಷದ ಬಾಲಕನೊಬ್ಬ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಿದ್ದಾನೆ. ಪುಟದ ಮೇಲ್ಭಾಗದಲ್ಲಿ ಹಡಗಿನ ಚಿತ್ರ. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ 'ಶಿಪ್' ಎಂಬ ಇಂಗ್ಲಿಷ್ ಪದ. ಬಾಲಕನು ಅಕ್ಷರಗಳ ಕಡೆಗೆ ಕಣ್ಣು ಹಾಯಿಸುವುದೇ ಇಲ್ಲ. ಚಿತ್ರವನ್ನು ನೋಡುತ್ತಾನೆ, ಉಪಾಧ್ಯಾಯಿನಿಯ ಮುಖವನ್ನು ನೋಡುತ್ತಾನೆ, ಬಳಿಕ 'ಬೋಟ್' ಎನ್ನುತ್ತಾನೆ. ಅರ್ಥವು ಹೆಚ್ಚುಕಡಿಮೆ ಸರಿಹೋಯಿತೆಂದು ಆಕೆ ಮುಗುಳುನಕ್ಕು ಪುಟವನ್ನು ಮಗುಚುತ್ತಾಳೆ. ಮುಂದಿನ ವರ್ಷ ಪುಸ್ತಕದಲ್ಲಿ ಚಿತ್ರಗಳು ವಿರಳವಾಗುತ್ತವೆ. ಬಾಲಕನ ಬಾಯಿ ಕಟ್ಟುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಾಥಮಿಕ ಶಾಲೆಗಳಲ್ಲಿ ದಶಕಗಳ ಕಾಲ ಇಂತಹ ದೃಶ್ಯ ಅಪರೂಪವಾಗಿರಲಿಲ್ಲ. ಆ ಉಪಾಧ್ಯಾಯಿನಿಯರು ಸೋಮಾರಿಗಳಲ್ಲ. ಮಕ್ಕಳ ಮೇಲೆ ಮಮತೆಯಿಲ್ಲದವರೂ ಅಲ್ಲ. ಓದು ಎಂಬುದು ಒಂದು ಬಗೆಯ ಊಹೆಯ ಆಟವೆಂದು 1967ರಲ್ಲಿ ಕೆನೆತ್ ಗುಡ್‌ಮನ್ ಎಂಬ ವಿದ್ವಾಂಸರು ಪ್ರತಿಪಾದಿಸಿದ್ದರು. ಚಿತ್ರವನ್ನು ನೋಡು, ಮೊದಲ ಅಕ್ಷರವನ್ನು ನೋಡು, ವಾಕ್ಯಕ್ಕೆ ಹೊಂದುವ ಪದವನ್ನು ಊಹಿಸು ಎಂಬ ಬೋಧನೆ ಅನೇಕ ತರಬೇತಿ ಕಾಲೇಜುಗಳನ್ನು ಹೊಕ್ಕಿತು. ಅಲ್ಲಿ ಕಲಿತು ಬಂದವರು ತಾವು ಕಲಿತದ್ದನ್ನೇ ಕಲಿಸಿದರು.

ಕನ್ನಡದ ಮನೆಯಲ್ಲಿ ಬೆಳೆದವರಿಗೆ ಇದು ಸೋಜಿಗವೆನಿಸೀತು. 'ಕ' ಎಂದು ಬರೆದಿದ್ದರೆ 'ಕ' ಎಂದೇ ಓದುವುದು; ಅಕ್ಷರಕ್ಕೂ ಉಚ್ಚಾರಣೆಗೂ ಇಲ್ಲಿ ಹೆಚ್ಚಿನ ಜಗಳವಿಲ್ಲ. ಇಂಗ್ಲಿಷಿನ ಸಂಸಾರವೇ ಬೇರೆ. ಅಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಹೊರೆಯನ್ನು ಹೊರಬೇಕು. 'ಓ-ಯು-ಜಿ-ಎಚ್' ಎಂಬ ನಾಲ್ಕು ಅಕ್ಷರಗಳು 'ಥ್ರೂ' ಎಂಬಲ್ಲಿ ಒಂದು ವೇಷ, 'ಟಫ್' ಎಂಬಲ್ಲಿ ಇನ್ನೊಂದು, 'ದೋ' ಎಂಬಲ್ಲಿ ಮತ್ತೊಂದು ವೇಷವನ್ನು ಧರಿಸುತ್ತವೆ. ಈ ವೇಷಗಳ ಗುಟ್ಟನ್ನು ಮಗುವಿಗೆ ಯಾರಾದರೂ ಬಿಡಿಸಿ ಹೇಳಬೇಕು. ಮಾತು ತಾಯಿಯ ಮಡಿಲಿನಲ್ಲಿ ತಾನಾಗಿ ಬರುತ್ತದೆ. ಓದು ಹಾಗೆ ಬರುವಂತಹುದಲ್ಲ.

ಈ ಎಚ್ಚರಿಕೆಯ ಮಾತು ಅಲ್ಲಿ ಮೊದಲಿನಿಂದಲೂ ಕೇಳಿಬಂದಿತ್ತು. 1955ರಲ್ಲಿ ರುಡಾಲ್ಫ್ ಫ್ಲೆಶ್ ಎಂಬವರು ಜಾನಿಗೆ ಓದು ಏಕೆ ಬಾರದು ಎಂಬ ಪ್ರಶ್ನೆಯನ್ನೇ ಹೆಸರಾಗಿಸಿ ಬರೆದ ಪುಸ್ತಕವು ತಂದೆತಾಯಿಗಳನ್ನು ಬೆಚ್ಚಿಬೀಳಿಸಿತು. 1967ರಲ್ಲಿ ಹಾರ್ವರ್ಡಿನ ಜೀನ್ ಚಾಲ್ ಅವರು ಅಲ್ಲಿಯವರೆಗಿನ ಸಂಶೋಧನೆಗಳನ್ನು ಜಾಲಿಸಿ ನೋಡಿ, ಅಕ್ಷರ-ಧ್ವನಿಗಳ ಸಂಬಂಧವನ್ನು ಕ್ರಮವಾಗಿ ಕಲಿಸುವುದೇ ಮೇಲೆಂದು ತೋರಿಸಿದರು. 2000ದಲ್ಲಿ ರಾಷ್ಟ್ರೀಯ ಓದುಗಾರಿಕೆ ಮಂಡಲಿಯ ವರದಿಯು ಐದು ಅಂಗಗಳನ್ನು ಹೆಸರಿಸಿತು: ಧ್ವನಿಗಳ ಅರಿವು, ಅಕ್ಷರ-ಧ್ವನಿಗಳ ಸಂಬಂಧ, ನಿರರ್ಗಳತೆ, ಶಬ್ದಸಂಪತ್ತು, ಅರ್ಥಗ್ರಹಣ. ಆದರೇನು? ಗ್ರಂಥಾಲಯದ ಕಪಾಟಿನಲ್ಲಿದ್ದ ಜ್ಞಾನವು ತರಗತಿಯ ಬಾಗಿಲನ್ನು ದಾಟುವುದೇ ದುಸ್ತರವಾಯಿತು. ಮಗುವಿಗೆ ಓದು ಬಾರದಿದ್ದಾಗ, ಏಕೆ ಬಾರದೆಂದು ಕಂಡುಹಿಡಿಯುವ ವಿದ್ಯೆಯನ್ನು ಉಪಾಧ್ಯಾಯಿನಿಗೆ ಯಾರೂ ಕಲಿಸಿರಲಿಲ್ಲ.

ಆ ವಿದ್ಯೆಯನ್ನೇ ವಿಶೇಷವಾಗಿ ಅಭ್ಯಾಸ ಮಾಡಿದವರು 'ರೀಡಿಂಗ್ ಸ್ಪೆಷಲಿಸ್ಟ್', ಅಂದರೆ ವಾಚನ ತಜ್ಞರು. ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಪರೀಕ್ಷಿಸುವುದು, ನಾಲ್ಕೈದು ಮಂದಿಯ ಸಣ್ಣ ಗುಂಪುಗಳಲ್ಲಿ ಕುಳ್ಳಿರಿಸಿ ಪಾಠ ಹೇಳುವುದು, ಇತರ ಅಧ್ಯಾಪಕರಿಗೆ ದಾರಿ ತೋರುವುದು ಇವರ ಕೆಲಸ. ಹಲವು ರಾಜ್ಯಗಳಲ್ಲಿ ಈ ಹುದ್ದೆಗೆ ಸ್ನಾತಕೋತ್ತರ ವ್ಯಾಸಂಗ, ಅಧ್ಯಾಪನದ ಅನುಭವ, ಸರಕಾರದ ಪ್ರಮಾಣಪತ್ರ ಮೂರೂ ಬೇಕು.

ಇಲ್ಲಿಯೇ ತೊಡಕು. ಹಗಲೆಲ್ಲ ಪಾಠ, ಸಂಜೆ ಅಡಿಗೆಮನೆ, ರಾತ್ರಿ ತಿದ್ದಬೇಕಾದ ಪುಸ್ತಕಗಳ ರಾಶಿ. ವಿಶ್ವವಿದ್ಯಾನಿಲಯವೋ ನೂರಾರು ಮೈಲಿಗಳಾಚೆ. ಕೆಲಸ ಬಿಟ್ಟು ಎರಡು ವರ್ಷ ಓದಲು ಹೋಗುವುದು ಎಷ್ಟು ಮಂದಿಗೆ ಸಾಧ್ಯ? ಕನ್ನಡ ನಾಡಿನವರಿಗೆ ಈ ಕಷ್ಟ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದಿಂದ ಪದವಿ ಪಡೆದ ಗುಮಾಸ್ತರೂ ಉಪಾಧ್ಯಾಯರೂ ಎಷ್ಟೋ ಮನೆಗಳಲ್ಲಿದ್ದಾರೆ. ಆ ವ್ಯವಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂಚೆಯವನು ತರುತ್ತಿದ್ದ ಪಾಠವನ್ನು ಇಂದು ಕಂಪ್ಯೂಟರಿನ ಪರದೆ ತರುತ್ತಿದೆ. ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳು ವಾಚನ ಶಿಕ್ಷಣದ ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್ ಮೂಲಕವೇ ನೀಡುತ್ತಿವೆ. ಮಕ್ಕಳು ಮಲಗಿದ ಮೇಲೆ ಅಡಿಗೆಮನೆಯ ಮೇಜಿನ ಮುಂದೆ ಕುಳಿತು ಅಧ್ಯಾಪಿಕೆ ಮತ್ತೆ ವಿದ್ಯಾರ್ಥಿನಿಯಾಗಬಹುದು.

ಆಕೆ ಅಲ್ಲಿ ಕಲಿಯುವುದಾದರೂ ಏನು? ಒಂದು ಸರಳ ಸೂತ್ರವನ್ನು ನೋಡಬಹುದು. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬಿಬ್ಬರು, ಓದು ಎಂಬುದು ಅಕ್ಷರಗಳನ್ನು ಬಿಡಿಸುವ ಶಕ್ತಿ ಮತ್ತು ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇವೆರಡರ ಗುಣಲಬ್ಧ ಎಂದರು. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ಕಡೆ ಸೊನ್ನೆಯಿದ್ದರೆ ಇನ್ನೊಂದು ಕಡೆ ಎಷ್ಟಿದ್ದರೂ ಫಲ ಸೊನ್ನೆಯೇ. ಹಾಗಾದರೆ ಮುಂದೆ ಕುಳಿತ ಮಗುವಿನ ಕೊರತೆ ಯಾವ ಕಡೆಯದು?

ಅದನ್ನು ತಿಳಿಯಲು ಒಂದು ಉಪಾಯವಿದೆ. ಮಗುವಿಗೆ ಅರ್ಥವೇ ಇಲ್ಲದ ಪದಗಳನ್ನು ಬರೆದುಕೊಟ್ಟು ಓದಿಸುವುದು: 'ಫಿಪ್', 'ಲಾಬ್', 'ಮೆಗ್' ಎಂಬಂತಹವು. ಕಂಠಪಾಠದಿಂದಲೂ ಊಹೆಯಿಂದಲೂ ದಿನ ದೂಡುತ್ತಿದ್ದ ಮಗು ಇಲ್ಲಿ ಸಿಕ್ಕಿಬೀಳುತ್ತದೆ; ಅಕ್ಷರಗಳನ್ನು ಬಿಡಿಸಬಲ್ಲ ಮಗು ಸಲೀಸಾಗಿ ಓದುತ್ತದೆ. ಹೀಗೆ ಸಲೀಸಾಗಿ ಓದಿಯೂ ಕಥೆಯ ಅರ್ಥವನ್ನು ಹೇಳಲಾರದ ಮಗುವಿಗೆ ಬೇಕಾದುದು ಶಬ್ದಸಂಪತ್ತು. ಕೆಮ್ಮಿಗೂ ಕಾಲುನೋವಿಗೂ ಒಂದೇ ಔಷಧವನ್ನು ಕೊಡುವ ವೈದ್ಯನಿಲ್ಲ. ಓದಿನ ತೊಡಕಿಗೂ ರೋಗನಿದಾನ ಮೊದಲು, ಚಿಕಿತ್ಸೆ ಆಮೇಲೆ. ಲೂಯಿಸಾ ಮೋಟ್ಸ್ ಎಂಬ ವಿದುಷಿ 1999ರಲ್ಲಿ ಬರೆದ ವರದಿಯೊಂದಕ್ಕೆ, ಓದು ಕಲಿಸುವುದು ರಾಕೆಟ್ ವಿಜ್ಞಾನವೇ ಸರಿ ಎಂಬರ್ಥದ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಈಜು ಕಲಿಯಲು ನೀರಿಗೆ ಇಳಿಯಲೇಬೇಕಷ್ಟೆ. ಪರದೆಯ ಮೇಲೆ ಸಿದ್ಧಾಂತ ಬರಬಹುದು. ತಡವರಿಸುವ ಮಗುವಿನ ಉಸಿರು, ಕಣ್ಣಂಚಿನ ನೀರು ಬರಲಾರವು. ಅದಕ್ಕೆಂದೇ ಅಂತಾರಾಷ್ಟ್ರೀಯ ಸಾಕ್ಷರತಾ ಸಂಘವು ತಜ್ಞರ ಸಿದ್ಧತೆಗೆ ವಿಧಿಸಿರುವ ನಿಯಮಗಳಲ್ಲಿ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ನಡೆಯುವ ಪ್ರತ್ಯಕ್ಷ ಅಭ್ಯಾಸವೂ ಸೇರಿದೆ. 1956ರಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಈ ಸಂಘವು 2015ರಲ್ಲಿ ಇಂದಿನ ಹೆಸರನ್ನು ತಳೆಯಿತು. ಆನ್‌ಲೈನ್ ವಿದ್ಯಾರ್ಥಿನಿಯು ತನ್ನ ಶಾಲೆಯ ನಿಜವಾದ ಮಗುವಿಗೇ ಪಾಠ ಹೇಳುತ್ತಾಳೆ. ಪೋಷಕರ ಅನುಮತಿ ಪಡೆದು ಅದನ್ನು ಚಿತ್ರೀಕರಿಸಿ ದೂರದ ಪ್ರಾಧ್ಯಾಪಕರಿಗೆ ಕಳುಹಿಸುತ್ತಾಳೆ. ಅವಸರಪಟ್ಟದ್ದೆಲ್ಲಿ, ಮಗು ಹೇಳುವ ಮೊದಲೇ ತಾನು ಹೇಳಿಬಿಟ್ಟದ್ದೆಲ್ಲಿ ಎಂಬುದನ್ನು ಅವರು ತೋರಿಸಿಕೊಡುತ್ತಾರೆ. ಇಂದು ಕಲಿತದ್ದನ್ನು ನಾಳೆಯೇ ತನ್ನ ತರಗತಿಯಲ್ಲಿ ಒರೆಗೆ ಹಚ್ಚುವ ಅನುಕೂಲ, ಕೆಲಸ ಬಿಟ್ಟು ಓದಲು ಹೋದವರಿಗೂ ದೊರೆಯುವುದು ಕಷ್ಟ. ಇಂತಹ ಅಭ್ಯಾಸವಿಲ್ಲದೆ ಪದವಿಯನ್ನು ಮಾರುವ ಅಂಗಡಿಗೆ ಮಾತ್ರ ಹಣ ಸುರಿಯಬಾರದು. ಒಂದು ರಾಜ್ಯದಲ್ಲಿ ನಡೆಯುವ ಪ್ರಮಾಣಪತ್ರ ಇನ್ನೊಂದರಲ್ಲಿ ನಡೆಯದಿರಬಹುದಾದ್ದರಿಂದ, ಸೇರುವ ಮುನ್ನ ವಿಚಾರಿಸುವುದೂ ಅಗತ್ಯ.

ಅಧ್ಯಾಪಕರಿಗೆ ಕಲಿಸಿದರೆ ಮಕ್ಕಳಿಗೆ ಬರುವುದೇ ಎಂಬ ಪ್ರಶ್ನೆಗೆ ಮಿಸಿಸಿಪ್ಪಿ ರಾಜ್ಯದ ಕಥೆಯನ್ನು ಹೇಳಬೇಕು. ಬಡತನಕ್ಕೆ ಹೆಸರಾದ ರಾಜ್ಯವದು. ಓದಿನ ಪಟ್ಟಿಯಲ್ಲಿಯೂ ಬಹುಕಾಲ ತಳದಲ್ಲಿತ್ತು. 2000ದಲ್ಲಿ ಜಿಮ್ ಮತ್ತು ಸ್ಯಾಲಿ ಬಾರ್ಕ್ಸ್‌ಡೇಲ್ ದಂಪತಿಗಳು ಓದಿನ ಸುಧಾರಣೆಗೆಂದು 10 ಕೋಟಿ ಡಾಲರುಗಳನ್ನು ದತ್ತಿಯಾಗಿ ನೀಡಿದರು. 2013ರಲ್ಲಿ ಕಾನೂನೊಂದು ಬಂದಿತು. ಮೋಟ್ಸ್ ಅವರ ಪಾಠಕ್ರಮದಲ್ಲಿ ಸಾವಿರಾರು ಅಧ್ಯಾಪಕರಿಗೆ ತರಬೇತಿಯಾಯಿತು. ಅದು ಪದವಿಯ ವ್ಯಾಸಂಗವಲ್ಲದಿದ್ದರೂ ಅಲ್ಲಿಯೂ ಪಾಠದ ಒಂದು ಭಾಗ ಆನ್‌ಲೈನ್ ಆಗಿತ್ತು. ತೀರ ಹಿಂದುಳಿದ ಶಾಲೆಗಳಿಗೆ ಓದಿನ ವಿದ್ಯೆ ಬಲ್ಲ ಮಾರ್ಗದರ್ಶಕರನ್ನು ಕಳುಹಿಸಲಾಯಿತು. 2013ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೆಯ ತರಗತಿಯ ಸರಾಸರಿ ಅಂಕ 209, 2019ರಲ್ಲಿ 219. 2024ರಲ್ಲಿ ದೇಶದ ಸರಾಸರಿ 214ಕ್ಕೆ ಇಳಿದಿದ್ದರೂ ಮಿಸಿಸಿಪ್ಪಿಯದು 219ರಲ್ಲಿಯೇ ನಿಂತಿತ್ತು. ಓದು ಬಾರದವರನ್ನು ಮೂರನೆಯ ತರಗತಿಯಲ್ಲೇ ಉಳಿಸಿಕೊಳ್ಳುವ ನಿಯಮವೂ ಆ ಕಾನೂನಿನಲ್ಲಿದ್ದುದರಿಂದ, ಏರಿಕೆಯಲ್ಲಿ ಅದರ ಪಾಲೆಷ್ಟೆಂಬ ವಾದ ಇನ್ನೂ ನಡೆದಿದೆ. ಅಧ್ಯಾಪಕರ ಕೈಗೆ ವಿದ್ಯೆ ಕೊಡದೆ ಮಕ್ಕಳನ್ನು ಉಳಿಸಿಕೊಂಡಷ್ಟರಿಂದಲೇ ಅವರಿಗೆ ಓದು ಬರುತ್ತಿತ್ತೆಂದು ನಂಬುವುದು ಮಾತ್ರ ಕಷ್ಟ.

ಇದೆಲ್ಲ ಇಂಗ್ಲಿಷಿನ ಪಾಡು, ಕನ್ನಡಕ್ಕೆ ಈ ಗೊಡವೆಯಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಗುಣಿತಾಕ್ಷರ ಒತ್ತಕ್ಷರಗಳಿಂದ ತುಂಬಿದ ಈ ಲಿಪಿ ಕೈವಶವಾಗಲು ನಾಲ್ಕನೆಯ ತರಗತಿಯವರೆಗೂ ಕಾಲ ಬೇಕಾಗುವುದೆಂದು ತೋರಿಸಿತು. ಒಂದನೆಯ ತರಗತಿಯಲ್ಲಿಯೇ 'ಇವನ ತಲೆಗೆ ಹತ್ತುವುದಿಲ್ಲ' ಎಂದು ತೀರ್ಪು ಕೊಡುವ ಹಿರಿಯರು ಇದನ್ನು ನೆನೆಯಬೇಕು.

ಹಡಗಿನ ಚಿತ್ರದ ಮುಂದೆ ಕುಳಿತ ಬಾಲಕನಿಗೆ ಈ ವಿದ್ಯೆ ಕಲಿತ ಉಪಾಧ್ಯಾಯಿನಿ ದೊರೆತರೆ ಆಕೆ ಮಾಡುವ ಮೊದಲ ಕೆಲಸ ಚಿಕ್ಕದು: ಚಿತ್ರವನ್ನು ಅಂಗೈಯಿಂದ ಮುಚ್ಚುತ್ತಾಳೆ. ಅಕ್ಷರಗಳು ನಾಲ್ಕಾದರೂ ಧ್ವನಿಗಳು ಮೂರೇ ಎಂದು, ಮೊದಲೆರಡು ಅಕ್ಷರಗಳು ಜೊತೆಗೂಡಿ 'ಶ್' ಎನ್ನುವುವೆಂದು ತೋರಿಸುತ್ತಾಳೆ. ಬಾಲಕನು ತಡವರಿಸುತ್ತಾನೆ, ಆಕೆ ಬಾಯಿ ಹಾಕದೆ ಕಾಯುತ್ತಾಳೆ. ಶ್... ಇ... ಪ್... 'ಶಿಪ್!' ಅಂಗೈಯನ್ನು ತೆಗೆದಾಗ ಹಡಗು ಅಲ್ಲಿಯೇ ಇರುತ್ತದೆ. ಅದನ್ನು ಅವನು ಈ ಸಲ ಅಕ್ಷರಗಳಿಂದಲೇ ಕಂಡುಕೊಂಡಿರುತ್ತಾನೆ.