ಗಡಿ ತೆರೆದರೆ ಊರು ಮುಳುಗುತ್ತದೆ ಎನ್ನುವವರಿಗೆ

ದುಡಿದು ತಿನ್ನಲು ಬಂದವರನ್ನು ಹುಟ್ಟಿದ ನೆಲದ ಕಾರಣಕ್ಕೆ ತಡೆಯಬಾರದು, ದೇಶಗಳ ಗಡಿಗಳೂ ತೆರೆದಿರಬೇಕು ಎಂದು ನಾನು ವಾದಿಸಿದಾಗಲೆಲ್ಲ ಗದಗ-ಬೆಟಗೇರಿಯ ಗೆಳೆಯರು ಎತ್ತುವ ತಕರಾರುಗಳು ಹೆಚ್ಚುಕಡಿಮೆ ಅವೇ. ಅವುಗಳಲ್ಲಿ ಹುರುಳಿದೆ. ಆದ್ದರಿಂದಲೇ ಒಂದೊಂದಕ್ಕೂ ಉತ್ತರ ಕೊಡಬೇಕು.

ಅವರ ಮೊದಲ ಮಾತು: ಇದು ಆಗಹೋಗದ ಕನಸು, ಬಾಗಿಲು ತೆಗೆದರೆ ಬಡ ನಾಡೆಲ್ಲ ಸಿರಿವಂತ ನಾಡಿಗೆ ನುಗ್ಗುತ್ತದೆ.

ಗೋವಾವನ್ನು ನೋಡಿ. 1961ರ ಡಿಸೆಂಬರಿನ ತನಕ ಅದು ಪೋರ್ಚುಗೀಸರದು, ನಮ್ಮ ಪಾಲಿಗೆ ಪರದೇಶ. ಕ್ಯಾಸಲ್‌ರಾಕ್‌ನಲ್ಲಿ ಸುಂಕದ ಕಟ್ಟೆ ಇತ್ತು. 1955ರಲ್ಲಿ ರೈಲೂ ನಿಂತಿತ್ತು. ಆಮೇಲೆ ಆ ಗಡಿಯೇ ಅಳಿಸಿಹೋಯಿತು. ಇತ್ತ ಮಳೆಯನ್ನೇ ನಂಬಿದ ಶಿರಹಟ್ಟಿ, ಮುಂಡರಗಿಯ ಹೊಲಗಳು. ಅತ್ತ ಗಣಿ, ಬಂದರು, ಕಟ್ಟಡದ ಕೆಲಸ. 2011ರ ಜನಗಣತಿ ಹೊತ್ತಿಗೆ ಕರ್ನಾಟಕದಲ್ಲಿ 6 ಕೋಟಿಗೂ ಹೆಚ್ಚು ಜನ, ಗೋವಾದಲ್ಲಿ 15 ಲಕ್ಷವೂ ಇಲ್ಲ. ಅರ್ಧ ಶತಮಾನ ಬಾಗಿಲು ತೆರೆದಿತ್ತು. ಆದರೂ ಅಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ ಐದು ಮಂದಿಯೂ ಆಗಲಿಲ್ಲ. ಬೇರೆ ರಾಜ್ಯಗಳವರೂ ಹೋದರು, ನಿಜ. ಆದರೆ ನೂರಕ್ಕೆ 66 ಜನ ಕೊಂಕಣಿಯನ್ನೇ ತಾಯ್ನುಡಿ ಎಂದು ಬರೆಸಿದರು. ಆ ಕೊಂಕಣಿ 1987ರಲ್ಲಿ ಗೋವಾದ ಆಡಳಿತ ಭಾಷೆಯಾದದ್ದು, 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿ ಸೇರಿದ್ದು ಬಾಗಿಲು ತೆರೆದಿದ್ದ ಕಾಲದಲ್ಲೇ. ಸಂಸ್ಕೃತಿ ಸಾಯುತ್ತದೆ ಎಂಬ ಅಂಜಿಕೆಗೂ ಇದೇ ನನ್ನ ಉತ್ತರ.

ಮನುಷ್ಯರು ನೀರಲ್ಲ, ಇಳಿಜಾರು ಕಂಡಕೂಡಲೇ ಹರಿಯುವುದಿಲ್ಲ. ಸುಗ್ಗಿ ಮುಗಿದ ಮೇಲೆ ತಾಂಡಾದಿಂದ ಗಂಟು ಕಟ್ಟಿಕೊಂಡು ಹೊರಟವರು ಮುಂಗಾರಿಗೆ ಬಿತ್ತಲು ತಿರುಗಿ ಬರುತ್ತಾರೆ. ಮತ್ತೆ ಒಳಗೆ ಬಿಡುತ್ತಾರೆ ಎಂಬ ನಂಬಿಕೆ ಇದ್ದರೆ ಮಾತ್ರ ಹೀಗೆ ಹೋಗಿ ಬರಲು ಆಗುತ್ತದೆ. ಅಮೆರಿಕ 1986ರ ನಂತರ ಮೆಕ್ಸಿಕೊ ಗಡಿಯ ಕಾವಲನ್ನು ಬಿಗಿಗೊಳಿಸುತ್ತ ಹೋದಂತೆ, ಹಂಗಾಮಿಗೆ ಬಂದು ಹೋಗುತ್ತಿದ್ದ ಕೂಲಿಗಳು ವಾಪಸಾಗಲು ಹೆದರಿ ಅಲ್ಲೇ ನೆಲೆ ನಿಂತರು.

"ಅದು ಒಂದೇ ದೇಶದೊಳಗಿನ ಮಾತಾಯಿತು" ಎನ್ನುತ್ತಾರೆ. ನಮ್ಮ ಜಿಲ್ಲೆಯೇ ಎಂದು ಒಂದಾಗಿತ್ತು? ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜಿನದು, ಗದಗ ಬ್ರಿಟಿಷರದು, ಪಕ್ಕದ ಕೊಪ್ಪಳ ಸೀಮೆ ನಿಜಾಮನದು. 1947-48ರಲ್ಲಿ ನಿಜಾಮನ ಪರ ನಿಂತ ರಜಾಕಾರರ ಕಾಟ ತಾಳದೆ ಗಡಿ ದಾಟಿ ಬಂದವರು ಬೇರೊಬ್ಬ ದೊರೆಯ ಪ್ರಜೆಗಳು. ಮುಂಡರಗಿ, ಗಜೇಂದ್ರಗಡದಲ್ಲಿ ಹೋರಾಟಗಾರರ ಶಿಬಿರಗಳೇ ಎದ್ದವು. ನಮ್ಮ ಹಿರಿಯರು ಅವರನ್ನು ಪರವಾನಗಿ ಕೇಳಿ ತಿರುಗಿ ಕಳಿಸಿದ್ದರೆ ಇವತ್ತು ನಾವು ತಲೆ ತಗ್ಗಿಸಬೇಕಾಗುತ್ತಿತ್ತು. ಪ್ರಾಣಭಯದಿಂದ ಬಂದವನೇ ಬೇರೆ, ಕೂಲಿಗೆ ಬಂದವನೇ ಬೇರೆ ಎಂದು ವಿಂಗಡಿಸುವವರು ಒಂದು ಬರಗಾಲದ ಬೇಸಿಗೆಯನ್ನು ಹಳ್ಳಿಯಲ್ಲಿ ಕಳೆದು ನೋಡಲಿ.

ನೀತಿಯ ಮಾತಿಗೆ ಬಂದರೆ ಅವರ ಬಲವಾದ ವಾದ ಮನೆಯದು: ನನ್ನ ಮನೆಗೆ ಯಾರು ಬರಬೇಕೆಂದು ನಾನು ತೀರ್ಮಾನಿಸುತ್ತೇನೆ, ದೇಶವೂ ಹಾಗೆಯೇ. ರಾಜಕೀಯ ಚಿಂತಕ ಮೈಕೆಲ್ ವಾಲ್ಜರ್ 1983ರಲ್ಲಿ ಇದಕ್ಕೆ ಇನ್ನೊಂದು ಮೊನೆ ಕೊಟ್ಟರು: ದೇಶದ ಗೋಡೆ ಕೆಡವಿದರೆ ಜನ ಕೇರಿಕೇರಿಗೂ ಗೋಡೆ ಕಟ್ಟಿಕೊಳ್ಳುತ್ತಾರೆ. ನಮ್ಮಲ್ಲಿ ಕೇರಿಯ ಗೋಡೆಗಳು ದೇಶದ ಗಡಿಗಿಂತ ಬಹಳ ಹಳೆಯವು. ಗಡಿ ತೆರೆದದ್ದರಿಂದ ಎದ್ದವಲ್ಲ. ದೇಶವಂತೂ ಮನೆಯಲ್ಲ, ಊರು. ನನ್ನ ಮನೆಯ ಕದ ನಾನು ಹಾಕಿಕೊಳ್ಳಬಹುದು. ಆದರೆ ನೆರೆಯವನು ತನ್ನ ಖೋಲಿಯನ್ನು ಪರಊರಿನವನಿಗೆ ಬಾಡಿಗೆಗೆ ಕೊಡುತ್ತೇನೆಂದರೆ ಅಗಸಿಯಲ್ಲಿ ನಿಂತು ತಡೆಯಲು ನಾನು ಯಾರು? ಸಿರಿವಂತ ದೇಶದ ಪೌರತ್ವ ಹಳೆಯ ಪಾಳೆಗಾರಿಕೆಯ ಹುಟ್ಟುಹಕ್ಕಿನಂಥದು ಎಂದು ತೆರೆದ ಗಡಿಯ ಪರ ವಾದಿಸಿದ ಚಿಂತಕ ಜೋಸೆಫ್ ಕ್ಯಾರೆನ್ಸ್ 1987ರಲ್ಲಿ ಬರೆದರು. ಅದನ್ನು ತಿಳಿಯಲು ನಾವು ಯುರೋಪಿಗೆ ಹೋಗಬೇಕಿಲ್ಲ. ಹುಟ್ಟಿದ ಗಳಿಗೆಯಲ್ಲೇ ಯಾವ ಬಾವಿ, ಯಾವ ಕೇರಿ ಎಂದು ಗೊತ್ತುಮಾಡುತ್ತಿದ್ದ ಊರುಗಳವರು ನಾವು.

ಉದ್ಯೋಗದ ಪ್ರಶ್ನೆ ನನಗೆ ಹೆಚ್ಚು ನೋವು ಕೊಡುತ್ತದೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆಯನ್ನು ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಇಂಥದ್ದೇ ಹರಿಯಾಣದ ಕಾನೂನನ್ನು 2023ರ ನವೆಂಬರಿನಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಆ ಮಸೂದೆಗೆ ಜೈ ಎಂದ ಗೆಳೆಯರೇ, 2004ರಲ್ಲಿ ಗೋವಾದ ಬೈನಾದಲ್ಲಿ ಕನ್ನಡಿಗರ ಮನೆಗಳು ನೆಲಸಮವಾದಾಗ ನೀವೂ ನಾನೂ ಅನ್ಯಾಯ ಎಂದು ಕೂಗಿದ್ದೆವು. ಎರಡಕ್ಕೂ ಒಂದೇ ತಕ್ಕಡಿ ಬೇಕು. ಹೊರಗಿನವನು ಬಂದದ್ದರಿಂದ ಕೂಲಿ ಇಳಿಯುತ್ತದೆ ಎನ್ನುತ್ತೀರಿ. ಕೆಲವು ಕಡೆ ಇಳಿಯುತ್ತದೆ, ಒಪ್ಪಿದೆ. ಆದರೆ ಆತ ಎದುರಾಡಲಾರ, ಸಂಘ ಕಟ್ಟಲಾರ, ಮುಂಗಡದ ಋಣದಲ್ಲಿದ್ದಾನೆ ಎಂದು ಗೊತ್ತಿದ್ದೇ ಮೇಸ್ತ್ರಿ ಕೂಲಿ ಮುರಿಯುತ್ತಾನೆ. ಆತನಿಗೆ ಹಕ್ಕು ಕೊಟ್ಟರೆ ಸ್ಥಳೀಯನ ಕೂಲಿಯೂ ನಿಲ್ಲುತ್ತದೆ.

ಕೊನೆಯ ತಕರಾರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಗಡಿ ತೆರೆದಷ್ಟೂ ತಾಂಡಾಗಳು ಖಾಲಿಯಾಗುತ್ತವೆ, ಮುದುಕರು ಬಾಗಿಲು ಕಾಯುತ್ತಾರೆ, ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ಸುಳ್ಳಲ್ಲ. ಆದರೆ ಗೋವಾದ ಬಸ್ಸು ನಿಲ್ಲಿಸಿದರೆ ಆ ಮಗು ಶಾಲೆಯಲ್ಲಿ ಉಳಿಯುವುದಿಲ್ಲ, ಹಸಿದು ಮನೆಯಲ್ಲಿ ಉಳಿಯುತ್ತದೆ. ಸಿಂಗಟಾಲೂರು ಏತ ನೀರಾವರಿಯ ನೀರು ಹೊಲದ ಕೊನೆಯ ತನಕ ಬಂದರೆ, ಊರಲ್ಲೇ ವಸತಿನಿಲಯ ಇದ್ದರೆ, ಹೋಗುವವರಲ್ಲಿ ಎಷ್ಟೋ ಮಂದಿ ಹೋಗದೆ ಇರಬಹುದು. ಆಗಲೂ ಹೋಗುತ್ತೇನೆ ಎಂದವರಿಗೆ ದಾರಿ ತೆರೆದಿರಲಿ.